ರಿದಮಿಕ್ ಜಿಮ್ನಾಸ್ಟಿಕ್ಸ್: ಒಟ್ಟು ಅಂಕ ಸಾಲದು, ಬಿಡಿ ಅಂಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಿದಮಿಕ್ ಜಿಮ್ನಾಸ್ಟಿಕ್ಸ್ ವೈಯಕ್ತಿಕ ಚಿನ್ನ ಗೆದ್ದ ರಷ್ಯಾದ ಮಾರ್ಗರಿಟಾ ಮಾಮುನ್ ಪಡೆದ ಅಂಕ 76.483. ಟೋಕಿಯೊದಲ್ಲಿ ಇಸ್ರೇಲಿನ ಲಿನೋಯ್ ಅಶ್ರಾಮ್ ಗೆದ್ದದ್ದು 107.800 ಅಂಕಕ್ಕೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಜರ್ಮನಿಯ ದರ್ಯಾ ವರ್ಫೊಲೊಮೇವ್ ಗಳಿಸಿದ್ದು 142.850. ಕ್ರೀಡಾ ಪುಟದಲ್ಲಿ ಈ ಮೂರು ಸಂಖ್ಯೆ ನೋಡಿದ ಓದುಗರು ಎಂಟೇ ವರ್ಷದಲ್ಲಿ ಆಟ ಹೆಚ್ಚುಕಡಿಮೆ ಎರಡು ಪಟ್ಟು ಮೇಲೇರಿತು ಎಂದುಕೊಂಡರೆ ತಪ್ಪು ಅವರದಲ್ಲ. ಮೂರು ಒಲಿಂಪಿಕ್ಸ್‌ಗಳಲ್ಲೂ ಅಂಕ ಹಾಕುವ ನಿಯಮವೇ ಬೇರೆ ಬೇರೆ ಇತ್ತು. 2025ರಿಂದ ಅದು ಮತ್ತೆ ಬದಲಾಗಿದೆ, ಈ ಸಲ ಅಂಕ ಕೆಳಗಿಳಿಯುವ ದಿಕ್ಕಿಗೆ. 2025ರ ಆಗಸ್ಟ್‌ನಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಸಮಗ್ರ ವಿಭಾಗವನ್ನು ಗೆದ್ದವರು ಅದೇ ವರ್ಫೊಲೊಮೇವ್. ಅಂಕ ಮಾತ್ರ ಪ್ಯಾರಿಸ್‌ಗಿಂತ ಸಾಕಷ್ಟು ಕಡಿಮೆ. ಅವರ ಆಟವೇನೂ ಇಳಿದಿರಲಿಲ್ಲ.

ಈ ಬದಲಾವಣೆ ಏನು, ಯಾಕೆ ಬಂತು, ನಮ್ಮ ರಾಜ್ಯದ ತರಬೇತಿ ಕೇಂದ್ರಗಳೂ ಸ್ಪರ್ಧೆ ನಡೆಸುವವರೂ ಈಗ ಏನು ಮಾಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಆದರೆ ಈ ವಿಷಯ ಕನ್ನಡದಲ್ಲಿ ವಿವರವಾಗಿ ಬಂದದ್ದು ಕಡಿಮೆ. ಮಕ್ಕಳನ್ನು ಈ ಆಟಕ್ಕೆ ಸೇರಿಸಿದ ತಂದೆತಾಯಿಗಳಿಗಾದರೂ ಇದು ಗೊತ್ತಿರಬೇಕು.

ಮೊದಲು ಹಿನ್ನೆಲೆ. 2013ರಿಂದ 2016ರವರೆಗೆ ಒಂದು ಪ್ರದರ್ಶನಕ್ಕೆ ಗರಿಷ್ಠ 20 ಅಂಕ. ಡಿಫಿಕಲ್ಟಿಗೆ, ಅಂದರೆ ಮಾಡುವ ಚಲನೆಗಳ ಕಷ್ಟಕ್ಕೆ, ಹತ್ತು. ಅವನ್ನು ಎಷ್ಟು ಶುದ್ಧವಾಗಿ ಮಾಡಿದರು ಎಂಬುದಕ್ಕೆ, ಅಂದರೆ ಎಕ್ಸಿಕ್ಯೂಷನ್‌ಗೆ, ಹತ್ತು. ಈ ಆಟದ ಸಾಧನಗಳಾದ ಹೂಪ್ (ಬಳೆ), ಬಾಲ್, ಕ್ಲಬ್ಸ್ (ಜೋಡಿ ಗದೆ), ರಿಬ್ಬನ್, ಒಂದೊಂದಕ್ಕೂ ಒಂದು ಪ್ರದರ್ಶನದಂತೆ ನಾಲ್ಕೂ ಸೇರಿ 80. ಎಷ್ಟೇ ಕಷ್ಟದ ಚಲನೆ ತುಂಬಿದರೂ ಡಿಫಿಕಲ್ಟಿಗೆ ಹತ್ತರ ಮೇಲೆ ಸಿಗುತ್ತಿರಲಿಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಆ ಮೇಲ್ಮಿತಿಯನ್ನು ತೆಗೆದುಹಾಕಿತು. ಡಿಫಿಕಲ್ಟಿ ಅಂಕಕ್ಕೆ ಚಾವಣಿ ಇಲ್ಲ, ಎಕ್ಸಿಕ್ಯೂಷನ್ ಮಾತ್ರ ಹತ್ತಕ್ಕೇ ಸೀಮಿತ. 2022ರಲ್ಲಿ ಮತ್ತೊಂದು ತಿದ್ದುಪಡಿ ಬಂತು. ಅದುವರೆಗೆ ಎಕ್ಸಿಕ್ಯೂಷನ್‌ನೊಳಗೇ ಸೇರಿದ್ದ ಕಲಾತ್ಮಕತೆಯನ್ನು ಬೇರೆ ಮಾಡಿ, ಅದಕ್ಕೂ ಹತ್ತು ಅಂಕ ಇಟ್ಟರು. ಪ್ಯಾರಿಸ್‌ನ ಮೊತ್ತ ಟೋಕಿಯೊದ ಮೊತ್ತಕ್ಕಿಂತ 35 ಅಂಕ ಹೆಚ್ಚಾಗಲು ದೊಡ್ಡ ಕಾರಣ ಇದೇ: ನಾಲ್ಕು ಪ್ರದರ್ಶನಕ್ಕೆ ಹತ್ತು ಹತ್ತರಂತೆ ನಲವತ್ತು ಅಂಕದ ಹೊಸ ವಿಭಾಗವೇ ಸೇರಿಕೊಂಡಿತು.

ನಿಯಮ ಬದಲಾದರೆ ಪದಕವೂ ಕೈ ಬದಲಾಯಿಸಬಹುದು ಎಂಬುದಕ್ಕೆ ಎರಡು ಫೈನಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ರಿಯೊ 2016ರಲ್ಲಿ ರಷ್ಯಾದವರೇ ಆದ ಯಾನಾ ಕುದ್ರಿಯಾವ್ತ್ಸೇವಾ ಹೂಪ್‌ಗೆ 19.225, ಬಾಲ್‌ಗೆ 19.250, ರಿಬ್ಬನ್‌ಗೆ 19.250 ಪಡೆದರು. ಕ್ಲಬ್ಸ್ ಪ್ರದರ್ಶನದ ಕೊನೆಯಲ್ಲಿ ಒಂದು ಕ್ಲಬ್ ಕೈತಪ್ಪಿತು, ಅಂಕ 17.883ಕ್ಕೆ ಬಿತ್ತು. ಮೊತ್ತ 75.608. ಚಿನ್ನ 0.875 ಅಂತರದಲ್ಲಿ ಮಾಮುನ್ ಪಾಲಾಯಿತು. ಮುಂದಿದ್ದವರ ಕೈಯಿಂದ ಒಮ್ಮೆ ಜಾರಿದ್ದಕ್ಕೆ ಚಿನ್ನವೇ ಹೋಯಿತು.

ಟೋಕಿಯೊದಲ್ಲಿ ಇದಕ್ಕೆ ತದ್ವಿರುದ್ಧ. ಕೊನೆಯ ರಿಬ್ಬನ್ ಪ್ರದರ್ಶನದಲ್ಲಿ ಅಶ್ರಾಮ್ ಕೈಯಿಂದ ರಿಬ್ಬನ್ ಜಾರಿತು. ಅವರಿಗೆ 23.300, ರಷ್ಯಾದ ದಿನಾ ಅವೆರಿನಾಗೆ 24.000. ಆದರೂ ಚಿನ್ನ ಅಶ್ರಾಮ್‌ಗೆ, ಅದೂ 0.150 ಅಂತರದಲ್ಲಿ. ಹೂಪ್‌ನಲ್ಲಿ ಅವರು 27.550 ಪಡೆದಿದ್ದರು, ಅವೆರಿನಾ 27.200. ಬಾಲ್‌ನಲ್ಲಿ ಇಬ್ಬರಿಗೂ 28.300. ಕ್ಲಬ್ಸ್‌ನಲ್ಲಿ 28.650 ಮತ್ತು 28.150. ಮೊದಲೇ ಗಳಿಸಿಟ್ಟ 0.85 ಮುನ್ನಡೆ ರಿಬ್ಬನ್‌ನಲ್ಲಿ ಕಳೆದ 0.70ನ್ನು ತಡೆದುಕೊಂಡಿತು. ರಷ್ಯಾ ತಂಡ ರಿಬ್ಬನ್‌ನ ಡಿಫಿಕಲ್ಟಿ ಅಂಕವನ್ನು ಪ್ರಶ್ನಿಸಿ ಮರುಪರಿಶೀಲನೆ ಕೇಳಿತು, ಮನವಿ ತಿರಸ್ಕೃತವಾಯಿತು. ಆಗ ಎದ್ದ ಗದ್ದಲವನ್ನು ಎರಡು ದೇಶಗಳ ಜಗಳ ಎಂದೇ ಎಲ್ಲರೂ ಓದಿದರು. ನನ್ನ ಅಭಿಪ್ರಾಯದಲ್ಲಿ ಅಶ್ರಾಮ್ ಆಗಿನ ನಿಯಮದ ಪ್ರಕಾರ ನ್ಯಾಯವಾಗಿಯೇ ಗೆದ್ದರು. ಪ್ರಶ್ನೆ ಕೇಳಬೇಕಿದ್ದದ್ದು ನಿಯಮವನ್ನು: ಡಿಫಿಕಲ್ಟಿಗೆ ಮಿತಿಯೇ ಇಲ್ಲದೆ, ತಪ್ಪಿಗೆ ಕಳೆಯುವ ಅಂಕ ಮಾತ್ರ ಹತ್ತರೊಳಗೇ ಇದ್ದರೆ, ಜಾರಿ ಬಿದ್ದ ಸಾಧನದ ಬೆಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋಗುವುದಿಲ್ಲವೇ?

ಪ್ಯಾರಿಸ್‌ನ ಲೆಕ್ಕ ಇನ್ನೂ ಸ್ಪಷ್ಟ. 142.850ನ್ನು ನಾಲ್ಕರಿಂದ ಭಾಗಿಸಿದರೆ ಒಂದು ಪ್ರದರ್ಶನಕ್ಕೆ ಸರಾಸರಿ 35.7. ಕಲಾತ್ಮಕತೆಗೂ ಎಕ್ಸಿಕ್ಯೂಷನ್‌ಗೂ ಪೂರ್ತಿ ಹತ್ತು ಹತ್ತು ಸಿಕ್ಕಿತ್ತು ಎಂದೇ ಹಿಡಿದರೂ ಡಿಫಿಕಲ್ಟಿ 15.7 ಆಗುತ್ತದೆ. ಪೂರ್ತಿ ಹತ್ತು ಯಾರಿಗೂ ಸಿಗುವುದಿಲ್ಲವಾದ್ದರಿಂದ ನಿಜವಾದ ಡಿಫಿಕಲ್ಟಿ ಅದಕ್ಕಿಂತ ಮೇಲೆಯೇ ಇತ್ತು. ಉಳಿದೆರಡು ವಿಭಾಗಗಳು ಒಟ್ಟು ಸೇರಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟನ್ನು ಈ ಒಂದೇ ವಿಭಾಗ ಕೊಡುತ್ತಿತ್ತು.

ಈಗ ಡಿಫಿಕಲ್ಟಿಯೊಳಗೆ ಏನಿದೆ ನೋಡೋಣ. ತೀರ್ಪುಗಾರರ ಮೇಜಿನಲ್ಲಿ ಡಿಫಿಕಲ್ಟಿಗೆ ನಾಲ್ವರು, ಇಬ್ಬಿಬ್ಬರ ಎರಡು ಜೋಡಿ. ಮೊದಲ ಜೋಡಿ ನೋಡುವುದು ದೇಹದ ಕಷ್ಟ. ನಾವು ಇದನ್ನು ಡಿಬಿ ಎನ್ನುತ್ತೇವೆ. ಲೀಪ್ (ನೆಗೆತ), ಬ್ಯಾಲೆನ್ಸ್, ತಿರುಗುವಿಕೆ ಎಂಬ ಮೂರು ಗುಂಪು, ಪ್ರತಿ ಗುಂಪಿನಿಂದ ಒಂದಾದರೂ ಇರಲೇಬೇಕು. ರಿಸ್ಕ್ ಎಂದು ಕರೆಯುವ ಎತ್ತರದ ಥ್ರೋಗಳನ್ನು ಎಣಿಸುವವರೂ ಇವರೇ. ಎರಡನೇ ಜೋಡಿ ನೋಡುವುದು ಸಾಧನದ ಕಷ್ಟವನ್ನು, ಅಂದರೆ ಡಿಎ. ಕಲಾತ್ಮಕತೆಗೆ ನಾಲ್ವರು, ಎಕ್ಸಿಕ್ಯೂಷನ್‌ಗೆ ನಾಲ್ವರು ಬೇರೆ ಇರುತ್ತಾರೆ. ಅವರ ಅಂಕಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನ ಎರಡರ ಸರಾಸರಿ ತೆಗೆಯುತ್ತಾರೆ.

ಹಿರಿಯರ ವೈಯಕ್ತಿಕ ವಿಭಾಗದಲ್ಲಿ 2022–24ರ ನಿಯಮದಂತೆ ಅತಿ ಹೆಚ್ಚು ಮೌಲ್ಯದ 9 ಡಿಬಿ, ಗರಿಷ್ಠ 5 ರಿಸ್ಕ್, ಗರಿಷ್ಠ 20 ಡಿಎ ಲೆಕ್ಕಕ್ಕೆ ಬರುತ್ತಿದ್ದವು. 2025–28ರ ನಿಯಮದಲ್ಲಿ ಅವು ಕ್ರಮವಾಗಿ 8, 4, 15 ಆಗಿವೆ. ಜೂನಿಯರ್‌ಗಳಿಗೆ ಮಿತಿ ಇನ್ನೂ ಕಡಿಮೆ.

ಕಾಗದದ ಮೇಲೆ ಇದು ಸಣ್ಣ ಕಡಿತ. ಕಾರ್ಪೆಟ್ ಮೇಲೆ ಅಲ್ಲ. ವೈಯಕ್ತಿಕ ಪ್ರದರ್ಶನದ ಅವಧಿ ಒಂದು ನಿಮಿಷ 15 ಸೆಕೆಂಡಿನಿಂದ ಒಂದೂವರೆ ನಿಮಿಷ. ಪೂರ್ತಿ 90 ಸೆಕೆಂಡ್ ಹಿಡಿಯೋಣ. ಅದರಲ್ಲಿ ಕನಿಷ್ಠ ಎಂಟು ಸೆಕೆಂಡಿನ ಎರಡು ನೃತ್ಯ ಹೆಜ್ಜೆಗಳ ಜೋಡಣೆ ಕಡ್ಡಾಯ, ಅದಕ್ಕೆ 16 ಸೆಕೆಂಡ್ ಹೋಯಿತು. ಉಳಿದ 74 ಸೆಕೆಂಡಿನಲ್ಲಿ ಹಿಂದೆ 34 ಚಲನೆ ಮಾಡಬೇಕಿತ್ತು: ಒಂದಕ್ಕೆ 2.2 ಸೆಕೆಂಡೂ ಸಿಗುತ್ತಿರಲಿಲ್ಲ. ಈಗ 27, ಒಂದಕ್ಕೆ 2.7 ಸೆಕೆಂಡ್. ಕೆಲವು ಡಿಎಗಳನ್ನು ಡಿಬಿ ಜೊತೆಗೇ ಮಾಡುವುದರಿಂದ ಲೆಕ್ಕ ಇಷ್ಟು ನೇರವಲ್ಲ, ಆದರೆ ಒತ್ತಡ ಎಷ್ಟಿತ್ತು, ಎಷ್ಟು ಸಡಿಲವಾಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಆ ಅರ್ಧ ಸೆಕೆಂಡ್ ಎಲ್ಲಿ ಬೇಕಾಗುತ್ತದೆ? ಬ್ಯಾಲೆನ್ಸ್ ಲೆಕ್ಕಕ್ಕೆ ಬರಬೇಕಾದರೆ ಪೂರ್ಣ ಆಕಾರದಲ್ಲಿ ಒಂದು ಸೆಕೆಂಡಾದರೂ ನಿಲ್ಲಬೇಕು. ಅವಸರದಲ್ಲಿರುವ ಹುಡುಗಿ ಕಾಲು ಮೇಲೆ ತಲುಪುವ ಮೊದಲೇ ಮುಂದಿನ ಚಲನೆಗೆ ಸೊಂಟ ತಿರುಗಿಸಿರುತ್ತಾಳೆ. ಗ್ಯಾಲರಿಯಿಂದ ನೋಡುವವರಿಗೆ ಬ್ಯಾಲೆನ್ಸ್ ಆಯಿತು ಅನ್ನಿಸುತ್ತದೆ. ತೀರ್ಪುಗಾರರಿಗೆ ನಿಂತ ಆಕಾರ ಕಂಡಿರುವುದಿಲ್ಲ, ಸೊನ್ನೆ. ಆಕಾರದಲ್ಲಿ ವ್ಯತ್ಯಾಸವಾದರೆ ಅದಕ್ಕೂ ಅಳತೆ ಇದೆ. 180 ಡಿಗ್ರಿ ಬಿಚ್ಚಬೇಕಾದ ಕಾಲು 10 ಡಿಗ್ರಿಯೊಳಗೆ ಕಡಿಮೆ ಬಿದ್ದರೆ ಡಿಬಿ ಸಿಗುತ್ತದೆ, ಎಕ್ಸಿಕ್ಯೂಷನ್‌ನಲ್ಲಿ 0.1 ಹೋಗುತ್ತದೆ. 20 ಡಿಗ್ರಿಯೊಳಗಾದರೆ 0.3. ಅದನ್ನೂ ಮೀರಿದರೆ ಡಿಬಿಯೂ ಇಲ್ಲ, ಮೇಲೆ 0.5 ಕಡಿತ. ಲೀಪ್‌ನಲ್ಲಿ ಬಹುಪಾಲು ಮಕ್ಕಳು ಕಳೆದುಕೊಳ್ಳುವುದು ಇಲ್ಲೇ. ಹಾರುವ ಮುಂಚಿನ ಹೆಜ್ಜೆಗೆ ಸಮಯ ಸಿಗದೆ ಎತ್ತರ ಬರುವುದಿಲ್ಲ, ಎತ್ತರವಿಲ್ಲದೆ ಕಾಲು ಪೂರ್ತಿ ತೆರೆಯುವ ಮೊದಲೇ ನೆಲ ಸಿಗುತ್ತದೆ. ಆಗ ತಂದೆತಾಯಿ ಮಗುವಿನ ಸ್ಪ್ಲಿಟ್ ಸಾಲದು ಎಂದು ಮನೆಯಲ್ಲಿ ಕಾಲು ಎಳೆಸುತ್ತಾರೆ. ಸ್ಪ್ಲಿಟ್ ಸರಿಯಾಗಿಯೇ ಇರುತ್ತದೆ, ಕಡಿಮೆ ಇರುವುದು ಓಟದ ಹೆಜ್ಜೆ. ದಯವಿಟ್ಟು ಮನೆಯಲ್ಲಿ ಕಾಲು ಎಳೆಸಬೇಡಿ.

ಡಿಎ ವಿಚಾರದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ಅದು ನಮ್ಮ ತರಬೇತುದಾರರಿಗೂ ಪೂರ್ತಿ ಮನದಟ್ಟಾಗಿಲ್ಲ. ಡಿಎ ಅಂದರೆ ಸಾಧನದ ಒಂದು ಮೂಲ ಕ್ರಿಯೆ, ಅದರ ಜೊತೆ ಅದೇ ಕ್ಷಣದಲ್ಲಿ ಕನಿಷ್ಠ ಎರಡು ಕಷ್ಟದ ಲಕ್ಷಣ. ಇಲ್ಲವೇ ಎರಡು ಮೂಲ ಕ್ರಿಯೆ, ಒಂದು ಲಕ್ಷಣ. ಉದಾಹರಣೆಗೆ ಎತ್ತರಕ್ಕೆ ಎಸೆದ ಬಾಲ್ ಹಿಡಿಯುವುದು ಮೂಲ ಕ್ರಿಯೆ. ಅದನ್ನು ನೆಲದ ಮೇಲೆ ಮಲಗಿ ಹಿಡಿದರೆ ಒಂದು ಲಕ್ಷಣ, ಕೈ ಬಳಸದೆ ಕಾಲುಗಳ ನಡುವೆ ಹಿಡಿದರೆ ಇನ್ನೊಂದು. ಎರಡೂ ಸೇರಿದರೆ ಡಿಎ ಆಯಿತು. ಈಗ ಬಾಲ್ ಮೊಣಕಾಲಿಗೆ ತಗುಲಿ ಜಾರುವ ಹೊತ್ತಿಗೆ ಹುಡುಗಿ ಬೆರಳ ತುದಿಯಿಂದ ಅದನ್ನು ಒತ್ತಿ ಹಿಡಿದಳು ಎನ್ನಿ. ಬಾಲ್ ಬೀಳಲಿಲ್ಲ, ಗ್ಯಾಲರಿಯಲ್ಲಿ ಚಪ್ಪಾಳೆ. ಆದರೆ 'ಕೈ ಇಲ್ಲದೆ' ಎಂಬ ಲಕ್ಷಣ ಹೋಯಿತು, ಉಳಿದದ್ದು ಒಂದೇ, ಆದ್ದರಿಂದ ಇಡೀ ಡಿಎ ಇಲ್ಲ. ಅರ್ಧ ಅಂಕ ಎಂಬುದು ಇಲ್ಲಿಲ್ಲ. 'ಒಂದೂ ಬೀಳಿಸಲಿಲ್ಲ, ಆದರೂ ಅಂಕ ಕಡಿಮೆ ಕೊಟ್ಟರು' ಎಂದು ಸ್ಪರ್ಧೆ ಮುಗಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಇಂಥವೇ.

ಇನ್ನೊಂದು ಸಂಗತಿ. ಡಿಬಿಯಲ್ಲಿ ಹೆಚ್ಚು ಮೌಲ್ಯದವನ್ನು ಆರಿಸಿ ಎಣಿಸುತ್ತಾರೆ; ಡಿಎಯನ್ನು ಮಾಡಿದ ಅನುಕ್ರಮದಲ್ಲೇ ಎಣಿಸುತ್ತಾರೆ. ಮಿತಿ 20 ಇದ್ದಾಗ ಯಾರಿಗೂ ಇದರ ಬಿಸಿ ತಟ್ಟಿರಲಿಲ್ಲ, ಯಾಕೆಂದರೆ 20 ತುಂಬುವವರೇ ಬೆರಳೆಣಿಕೆಯಷ್ಟು. 15ಕ್ಕೆ ಇಳಿದ ಮೇಲೆ ಹಳೇ ಸಂಯೋಜನೆಯನ್ನೇ ಇಟ್ಟುಕೊಂಡವರಿಗೆ ತೊಂದರೆ. ಮೊದಲ ಅರ್ಧದಲ್ಲಿ ಕಡಿಮೆ ಮೌಲ್ಯದ ಸಣ್ಣ ಸಣ್ಣ ಡಿಎಗಳನ್ನು ತುಂಬಿ, ದೊಡ್ಡವನ್ನು ಕೊನೆಗೆ ಇಟ್ಟಿದ್ದರೆ, ಹದಿನಾರನೆಯದರಿಂದ ಮುಂದೆ ಮಾಡಿದ್ದೆಲ್ಲ ಬರೀ ದಣಿವು. ಹಾಗೆಂದು ಅಲ್ಲಿ ತಪ್ಪಿದರೆ ಎಕ್ಸಿಕ್ಯೂಷನ್ ಕಡಿತ ತಪ್ಪುವುದಿಲ್ಲ. ಹಳೇ ವಿಡಿಯೊ ಹಾಕಿಕೊಂಡು ಒಂದೊಂದು ಡಿಎಗೂ ಸಂಖ್ಯೆ ಬರೆದು, ಮೌಲ್ಯ ಬರೆದು, ಕಡಿಮೆಯವನ್ನು ಕಿತ್ತುಹಾಕುವ ಕೆಲಸವನ್ನು ಪ್ರತಿ ಕೇಂದ್ರವೂ ಮಾಡಬೇಕು. ಒಂದು ಪ್ರದರ್ಶನಕ್ಕೆ ಒಂದು ಸಂಜೆ ಸಾಕು.

ಇನ್ನು ರಿಸ್ಕ್. ಸಾಧನವನ್ನು ಎತ್ತರಕ್ಕೆ ಎಸೆದು, ಅದು ಗಾಳಿಯಲ್ಲಿರುವಾಗ ನಡುವೆ ನಿಲ್ಲದೆ ಕನಿಷ್ಠ ಎರಡು ಪೂರ್ತಿ ಸುತ್ತು ದೇಹವನ್ನು ತಿರುಗಿಸಿ, ಮತ್ತೆ ಹಿಡಿಯಬೇಕು. ಎರಡು ಸುತ್ತಿಗೆ 0.2, ಹೆಚ್ಚುವರಿ ಪ್ರತಿ ಸುತ್ತಿಗೆ 0.1. ಕಣ್ಣಿಗೆ ಕಾಣದ ಕಡೆ ಹಿಡಿದರೆ 0.1, ಕೈ ಇಲ್ಲದೆ ಹಿಡಿದರೆ 0.1, ಹೀಗೆ ಸೇರುತ್ತಾ ಹೋಗುತ್ತದೆ. ಎತ್ತರದ ಥ್ರೋ ಅಂದರೆ ನಿಂತ ಹುಡುಗಿಯ ಎತ್ತರದ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಆ ಕನಿಷ್ಠ ಎತ್ತರ ರಿಸ್ಕ್‌ಗೆ ಸಾಲುವುದಿಲ್ಲ. ಕೈಯಿಂದ ಎರಡು ಮೀಟರ್ ಮೇಲೆ ಹೋದ ಬಾಲ್ ಅದೇ ಮಟ್ಟಕ್ಕೆ ವಾಪಸ್ ಬರಲು ಸುಮಾರು 1.3 ಸೆಕೆಂಡ್, ಐದು ಮೀಟರ್ ಹೋದರೆ ಸುಮಾರು 2 ಸೆಕೆಂಡ್. ಎರಡು ಸುತ್ತು ಉರುಳಿ, ಕಣ್ಣು ಬಾಲನ್ನು ಹುಡುಕಿ, ಕೈ ಸಿದ್ಧವಾಗಲು ಆ ಎರಡು ಸೆಕೆಂಡ್ ಬೇಕೇಬೇಕು. ಚಾವಣಿ ತಗ್ಗಾಗಿರುವ ಹಾಲ್‌ಗಳಲ್ಲಿ ಮಕ್ಕಳು ಥ್ರೋ ತಗ್ಗಿಸಿ ಸುತ್ತನ್ನು ವೇಗ ಮಾಡಲು ಕಲಿಯುತ್ತಾರೆ. ಎರಡನೇ ಸುತ್ತು 360 ಡಿಗ್ರಿ ಮುಗಿಯುವುದಿಲ್ಲ, ರಿಸ್ಕ್ ಸಿಗುವುದಿಲ್ಲ. ಅದೇ ಮಗು ಎತ್ತರದ ಒಳಾಂಗಣಕ್ಕೆ ಹೋದಾಗ ಥ್ರೋನ ಅಂದಾಜೇ ತಪ್ಪುತ್ತದೆ.

ರಿಸ್ಕ್‌ಗಳ ಸಂಖ್ಯೆ ನಾಲ್ಕಕ್ಕೆ ಇಳಿದಿದೆ, ನಿಜ. ಆದರೆ ಒಂದೊಂದರ ಮೌಲ್ಯಕ್ಕೆ ಮಿತಿ ಹಾಕಿಲ್ಲ. ನನಗಿರುವ ದೊಡ್ಡ ಆತಂಕ ಇದೇ. ಐದು ಸಾಧಾರಣ ರಿಸ್ಕ್ ಹೋಗಿ ನಾಲ್ಕು ಅತಿ ಕಷ್ಟದವು ಬಂದರೆ ಕಡಿತದಿಂದ ಏನು ಲಾಭ? ಪಿವೊಟ್‌ಗಳ, ಅಂದರೆ ಒಂದೇ ಕಾಲ ಮೇಲೆ ತಿರುಗುವ ಚಲನೆಗಳ, ಕಥೆಯೂ ಅಷ್ಟೇ, ಸುತ್ತು ಹೆಚ್ಚಿದಂತೆ ಮೌಲ್ಯ ಹೆಚ್ಚುತ್ತದೆ. ಹಾಗಾಗಿ ಎಂಟು ಡಿಬಿಯಲ್ಲೇ ಹಳೇ ಒಂಬತ್ತರ ಅಂಕ ಎತ್ತುವ ದಾರಿ ತೆರೆದೇ ಇದೆ. ಪಟ್ಟಿಯಲ್ಲಿ ಮೌಲ್ಯ ನೋಡಿ ಚಲನೆ ಆರಿಸುವ ಬದಲು ಹೀಗೆ ಲೆಕ್ಕ ಹಾಕಿ. ನಾಲ್ಕು ಸುತ್ತಿನ ರಿಸ್ಕ್‌ಗೆ 0.4, ನಡುವೆ ದೇಹದ ಮಟ್ಟ ಬದಲಿಸಿದ್ದಕ್ಕೆ 0.1, ಕಾಣದ ಕಡೆ ಕೈ ಇಲ್ಲದೆ ಹಿಡಿದದ್ದಕ್ಕೆ 0.2, ಒಟ್ಟು 0.7 ಎಂದುಕೊಳ್ಳಿ. ಸಾಧನ ಬಿದ್ದರೆ ಈ 0.7 ಬರುವುದಿಲ್ಲ. ಜೊತೆಗೆ ಎಕ್ಸಿಕ್ಯೂಷನ್ ಕಡಿತ: ನಿಂತಲ್ಲೇ ಎತ್ತಿಕೊಂಡರೆ 0.5, ಒಂದೆರಡು ಹೆಜ್ಜೆ ಹೋಗಿ ಎತ್ತಿದರೆ 0.7, ಮೂರು ಹೆಜ್ಜೆ ಅಥವಾ ಹೆಚ್ಚಾದರೆ ಇಲ್ಲವೇ ಕಾರ್ಪೆಟ್ ಹೊರಗೆ ಹೋದರೆ 1.0. ಹೊರಗೆ ಹೋದದ್ದಕ್ಕೆ ಗೆರೆ ತೀರ್ಪುಗಾರರ 0.3 ಬೇರೆ. ಅಭ್ಯಾಸದಲ್ಲಿ ಹತ್ತಕ್ಕೆ ಆರು ಬಾರಿ ಹಿಡಿಯುವ ಹುಡುಗಿಗೆ ಹತ್ತು ಪ್ರಯತ್ನದಿಂದ ಬರುವುದು 4.2, ಒಂದೆರಡು ಹೆಜ್ಜೆಯ ಲೆಕ್ಕದಲ್ಲಿ ಹೋಗುವುದು 2.8, ಉಳಿದದ್ದು 1.4. ಎರಡೇ ಸುತ್ತಿನ, ಕಣ್ಣೆದುರು ಕೈಯಿಂದ ಹಿಡಿಯುವ ಸರಳ ರಿಸ್ಕ್‌ನಲ್ಲಿ ಹತ್ತಕ್ಕೆ ಹತ್ತೂ ಹಿಡಿದರೆ 2.0. ಅಂದರೆ ಆ ಹುಡುಗಿಗೆ ಸರಳವೇ ಲಾಭ. ಹತ್ತಕ್ಕೆ ಏಳು ಹಿಡಿದಾಗ ಮಾತ್ರ ಕಷ್ಟದ್ದು 2.8 ತಂದು ಮುಂದೆ ಹೋಗುತ್ತದೆ. ಸಾಧನ ಬಿದ್ದಾಗ ಸಂಗೀತದ ಜೊತೆಗಿನ ಹೊಂದಾಣಿಕೆ ಕಡಿದು ಕಲಾತ್ಮಕತೆಯಲ್ಲೂ ಹೋಗುವುದರಿಂದ, ಸ್ಪರ್ಧೆಯ ದಿನದ ನಡುಕವನ್ನೂ ಸೇರಿಸಿ, ಹತ್ತಕ್ಕೆ ಎಂಟು ಬರುವವರೆಗೆ ಅದನ್ನು ಪ್ರದರ್ಶನಕ್ಕೆ ಸೇರಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಣಿಸುವಾಗಲೂ ಆರಾಮಾಗಿ ನಿಂತು ಎಸೆದದ್ದನ್ನು ಎಣಿಸಬೇಡಿ. ಪೂರ್ತಿ ಸಂಗೀತ ಹಾಕಿ, ಒಂದು ನಿಮಿಷ ಕುಣಿದು ಉಸಿರು ಹತ್ತಿದ ಮೇಲೆ ಬರುವ ಥ್ರೋವನ್ನು ಎಣಿಸಿ.

ನಮ್ಮ ಓದುಗರಿಗೆ ಹತ್ತಿರದ ಹೆಸರೆಂದರೆ ದೀಪಾ ಕರ್ಮಾಕರ್. ಅವರದು ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್, ನಿಯಮಾವಳಿಯೇ ಬೇರೆ. ರಿಯೊದಲ್ಲಿ ಅವರು ಮಾಡಿದ ಪ್ರೊಡುನೋವಾ ವಾಲ್ಟ್‌ನ ಡಿಫಿಕಲ್ಟಿ 7.0, ಒಟ್ಟು ಸಿಕ್ಕಿದ್ದು 15.266, ಎರಡು ವಾಲ್ಟ್‌ಗಳ ಸರಾಸರಿ 15.066 ಆಗಿ, 15.216 ಪಡೆದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರ ಹಿಂದೆ ನಾಲ್ಕನೇ ಸ್ಥಾನಕ್ಕೆ ನಿಂತರು. ಆ ದಿನಗಳಲ್ಲಿ ಡಿಫಿಕಲ್ಟಿ ಎಷ್ಟು, ಎಕ್ಸಿಕ್ಯೂಷನ್ ಎಷ್ಟು ಎಂದು ನಮ್ಮ ಪತ್ರಿಕೆಗಳು ಬಿಡಿಸಿ ಬರೆದವು, ಊರೂರಲ್ಲೂ ಜನ ಅದನ್ನು ಮಾತಾಡಿದರು. ಬಿಡಿಸಿ ಕೊಟ್ಟರೆ ಜನ ಓದುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿ.

ಕಲಾತ್ಮಕತೆಯ ಬಗ್ಗೆ ಒಂದು ಮಾತು. 2017–20ರ ನಿಯಮದಲ್ಲಿ ನೃತ್ಯ ಹೆಜ್ಜೆಗಳ ಪ್ರತಿ ಜೋಡಣೆಗೂ ಡಿಫಿಕಲ್ಟಿಯಲ್ಲಿ 0.3 ಸಿಗುತ್ತಿತ್ತು. 2022ರಲ್ಲಿ ಆ ಮೌಲ್ಯ ತೆಗೆದು, ಕನಿಷ್ಠ ಎರಡು ಇರಲೇಬೇಕು ಎಂದು ಕಲಾತ್ಮಕತೆಯ ತೀರ್ಪಿಗೆ ಒಪ್ಪಿಸಿದರು. ಉದ್ದೇಶ ಒಳ್ಳೆಯದೇ. ಆದರೆ ತರಬೇತಿಯಲ್ಲಿ ಸಮಯ ಹೋಗುವುದು ಅಂಕ ಕೂಡುವ ಕಡೆಗೆ, ಕಳೆಯುವ ಕಡೆಗೆ ಅಲ್ಲ. ಎಂಟು ಸೆಕೆಂಡಿನ ಹೆಜ್ಜೆ ಅಭ್ಯಾಸವನ್ನು ಸ್ಪರ್ಧೆಯ ಹಿಂದಿನ ವಾರಕ್ಕೆ ಮುಂದೂಡುವುದು ಮಾಮೂಲಾಯಿತು. ಆಗ ಆಗುವುದೇನೆಂದರೆ ಹೆಜ್ಜೆ ಆರು ಸೆಕೆಂಡಿಗೇ ಮುಗಿದುಬಿಡುತ್ತದೆ, ಅಥವಾ ಕಾಲು ಕುಣಿಯುತ್ತದೆ, ಕೈಯಲ್ಲಿರುವ ಹೂಪ್ ಸುಮ್ಮನಿರುತ್ತದೆ. ಎರಡರಲ್ಲೂ ಜೋಡಣೆ ಲೆಕ್ಕಕ್ಕೆ ಬರುವುದಿಲ್ಲ. ನೃತ್ಯದ ತರಬೇತಿಗೆ ಕೊರತೆಯಿಲ್ಲದ ನಾಡು ನಮ್ಮದು. ಭರತನಾಟ್ಯದ ಅಭ್ಯಾಸ ಇರುವ ಮಕ್ಕಳು ಮೊದಲ ದಿನದಿಂದಲೇ ತಾಳ ತಪ್ಪದೆ ಹೆಜ್ಜೆ ಇಡುತ್ತಾರೆ, ಮುಖದಲ್ಲಿ ಭಾವ ತರುತ್ತಾರೆ. ಆ ಶಕ್ತಿಯನ್ನು ನಾವು ಬಳಸುತ್ತಿಲ್ಲ. ಡಿಫಿಕಲ್ಟಿಯ ಎಣಿಕೆ ಇಳಿದಿರುವ ಈ ನಾಲ್ಕು ವರ್ಷ ಅದಕ್ಕೆ ತಕ್ಕ ಕಾಲ.

ಸಾಧನಗಳ ಬಗ್ಗೆಯೂ ಹೇಳದೆ ವಿಧಿಯಿಲ್ಲ. ಬಾಲ್ 18ರಿಂದ 20 ಸೆಂಟಿಮೀಟರ್ ವ್ಯಾಸ, ಕನಿಷ್ಠ 400 ಗ್ರಾಂ. ಹೂಪ್‌ನ ಒಳ ವ್ಯಾಸ 80ರಿಂದ 90 ಸೆಂಟಿಮೀಟರ್, ಕನಿಷ್ಠ 300 ಗ್ರಾಂ. ಕ್ಲಬ್ ಒಂದೊಂದೂ ಕನಿಷ್ಠ 150 ಗ್ರಾಂ, 40ರಿಂದ 50 ಸೆಂಟಿಮೀಟರ್ ಉದ್ದ. ರಿಬ್ಬನ್ ಹಿರಿಯರಿಗೆ ಆರು ಮೀಟರ್, ಜೂನಿಯರ್‌ಗಳಿಗೆ ಐದು. ಆಟಿಕೆ ಅಂಗಡಿಯ ಹಗುರ ಬಾಲ್‌ನಲ್ಲಿ ಕಲಿತ ಮಗು 400 ಗ್ರಾಂ ಬಾಲ್ ಹಿಡಿದ ದಿನ ಮೊಣಕೈಯಿಂದ ಎಸೆಯುತ್ತದೆ, ಥ್ರೋ ಮುಂದಕ್ಕೆ ಹೋಗುತ್ತದೆ, ಓಡಿ ಹಿಡಿದಿದ್ದಕ್ಕೆ ಹೆಜ್ಜೆಯ ಲೆಕ್ಕದಲ್ಲಿ 0.1 ಅಥವಾ 0.3 ಹೋಗುತ್ತದೆ. ಎಲ್ಲ ಸಾಧನ ಕೊಳ್ಳಲಾಗದಿದ್ದರೆ ಬಾಲ್ ಒಂದನ್ನಾದರೂ ಸರಿಯಾದ ತೂಕದ್ದು ತನ್ನಿ; ಅಡುಗೆಮನೆಯ ತಕ್ಕಡಿ ಸಾಕು ತೂಗಲು. ರಿಬ್ಬನ್ ಸ್ಪರ್ಧೆಯ ಹೊತ್ತಿಗೆ ಕಾರ್ಪೆಟ್ ಮೇಲಿನ ಫ್ಯಾನ್‌ಗಳನ್ನು ಆರಿಸುವುದು, ಗಾಳಿ ಬರುವ ಬಾಗಿಲು ಮುಚ್ಚುವುದು ಸಂಘಟಕರ ಕೆಲಸ. 35 ಗ್ರಾಂ ರಿಬ್ಬನ್ ಗಾಳಿಗೆ ಮಡಚಿ ಗಂಟು ಬಿದ್ದರೆ ಅಂಕ ಹೋಗುವುದು ಹುಡುಗಿಗೆ.

ಕೊನೆಯದಾಗಿ ಬೇಡಿಕೆಗಳು. ಜಿಲ್ಲಾ ಮತ್ತು ರಾಜ್ಯ ಮಟ್ಟದ ಸ್ಪರ್ಧೆಯ ಸುತ್ತೋಲೆಯಲ್ಲಿ ಯಾವ ವರ್ಷದ ನಿಯಮ, ಯಾವ ವಯಸ್ಸಿಗೆ ಎಷ್ಟು ಡಿಬಿ, ಎಷ್ಟು ರಿಸ್ಕ್, ಎಷ್ಟು ಡಿಎ ಎಂದು ಮೊದಲೇ ಅಚ್ಚಾಗಿರಬೇಕು. ಹತ್ತು, ಹನ್ನೆರಡು ವರ್ಷದ ಮಕ್ಕಳಿಗೆ ಹಿರಿಯರ ಎಣಿಕೆಯನ್ನೇ ಹಾಕುವುದು ನಿಲ್ಲಬೇಕು. ಅಂತರರಾಷ್ಟ್ರೀಯ ಫೆಡರೇಷನ್ ವಯೋಮಾನಕ್ಕೆ ತಕ್ಕ ಅಭಿವೃದ್ಧಿ ಕಾರ್ಯಕ್ರಮವನ್ನು ಸಿದ್ಧಮಾಡಿಟ್ಟಿದೆ, ಅದನ್ನು ಬಳಸಲು ಅಡ್ಡಿಯೇನು? ಎಳೆಯ ಬೆನ್ನು ಹಿಂದಕ್ಕೆ ಬಾಗುವ ಚಲನೆಗಳನ್ನು ಒಂದೇ ಸಂಜೆ ನೂರಾರು ಸಲ ಮಾಡಿಸಿದರೆ ಸೊಂಟದ ಮೂಳೆಗೆ ಪೆಟ್ಟಾಗುತ್ತದೆ. ಎಣಿಕೆ ಇಳಿಸುವುದು ಆ ಮಕ್ಕಳಿಗೇ ಎಲ್ಲರಿಗಿಂತ ಹೆಚ್ಚು ಅಗತ್ಯ.

ಫಲಿತಾಂಶ ಪಟ್ಟಿಯಲ್ಲಿ ಒಟ್ಟು ಅಂಕ ಮಾತ್ರ ಅಂಟಿಸಬಾರದು. ಡಿಬಿ, ಡಿಎ, ಕಲಾತ್ಮಕತೆ, ಎಕ್ಸಿಕ್ಯೂಷನ್, ದಂಡ ಎಂದು ಐದು ಅಂಕಣ ಇರಲಿ. ಈ ಆಟದಲ್ಲಿ ಮರುಪರಿಶೀಲನೆ ಕೇಳಲು ಅವಕಾಶವಿರುವುದು ಡಿಫಿಕಲ್ಟಿ ಅಂಕಕ್ಕೆ ಮಾತ್ರ. ಅದು ಎಷ್ಟೆಂದೇ ತಿಳಿಸದಿದ್ದರೆ ಕೇಳುವುದಾದರೂ ಹೇಗೆ? ಕಳೆದದ್ದು ಎಲ್ಲಿ ಎಂದು ಗೊತ್ತಾದ ಮಗು ಸೋಮವಾರ ಅಭ್ಯಾಸಕ್ಕೆ ಬಂದಾಗ ಏನು ತಿದ್ದಿಕೊಳ್ಳಬೇಕೆಂದು ತಿಳಿದೇ ಬರುತ್ತಾಳೆ.

ತಮ್ಮ ಪತ್ರಿಕೆಯಲ್ಲಿ ರಿದಮಿಕ್ ಫಲಿತಾಂಶ ಪ್ರಕಟಿಸುವಾಗ ಮೊದಲ ಮೂವರದ್ದಾದರೂ ಬಿಡಿ ಅಂಕ ಕೊಡಿ, 2024ರವರೆಗಿನ ಅಂಕಗಳ ಜೊತೆ ಈಗಿನ ಅಂಕಗಳನ್ನು ಹೋಲಿಸಬೇಡಿ. ಸ್ಥಳ ಸಾಲದಿದ್ದರೆ ಚಿತ್ರವನ್ನು ಒಂದು ಅಂಕಣ ಕಿರಿದು ಮಾಡಿದರೂ ಅಡ್ಡಿಯಿಲ್ಲ.

ಇಂತಿ,
ರಿದಮಿಕ್ ಜಿಮ್ನಾಸ್ಟಿಕ್ಸ್ ತೀರ್ಪುಗಾರ್ತಿ, ಬೆಂಗಳೂರು